ಔಷಧಿ ಹೆಚ್ಚಾಗಿದೆ

ಏಕಂ ಕಂಪನಿಯವರು ತಮ್ಮ ಬ್ರೌಸರನ್ನು ಕೊನೆಗೂ ಲಿನಕ್ಸ್‌ಗೆ ತರುತ್ತಿದ್ದಾರೆ ಎಂಬ ಸುದ್ದಿ ಬಂದ ದಿನ ಜಿಲ್ಲಾ ಔಷಧಿ ನಿಯಂತ್ರಣ ಕೊಠಡಿಯಲ್ಲಿ ಮೈಸೂರು ಪಾಕ್ ಹಂಚಿದರು. ನೀಲಾಂಬಿಕೆ ತನ್ನ ಪಾಲಿನ ತುಂಡನ್ನು ಕಾಗದದಲ್ಲಿ ಸುತ್ತಿ ಮೇಜಿನ ಮೂಲೆಗೆ ತಳ್ಳಿದಳು. ಸಿಹಿ ಅವಳಿಗೆ ಸೇರುವುದಿಲ್ಲವೆಂದಲ್ಲ. ಹದಿನೆಂಟು ವರ್ಷ "ಲಿನಕ್ಸೇ? ಅದನ್ನು ಬಳಸುವವರು ಯಾರಿದ್ದಾರೆ?" ಎಂದು ಮೂಗು ಮುರಿದ ಕಂಪನಿ ಈಗ ಹಾರ ತುರಾಯಿ ಹಿಡಿದುಕೊಂಡು ಮನೆ ಬಾಗಿಲಿಗೆ ಬಂದಿದೆ ಎಂದರೆ ಅವಳಿಗೆ ಮೊದಲು ಬಂದದ್ದು ಅನುಮಾನ.

ಬಳಸುವವರು ಯಾರು ಎಂದರೆ, ಇವರೇ. ದೊಡ್ಡ ಕಚೇರಿಗಳು ಬೇಡವೆಂದು ಬಿಸಾಡಿದ ಹಳೆಯ ಕಂಪ್ಯೂಟರುಗಳನ್ನು ತಂದು, ಧೂಳು ಕೊಡವಿ, ಲಿನಕ್ಸ್ ಹಾಕಿ, ಜಿಲ್ಲೆಯ ಎಪ್ಪತ್ತಾರು ಆರೋಗ್ಯ ಉಪಕೇಂದ್ರಗಳಿಗೆ ಕೂರಿಸಿದವಳು ನೀಲಾಂಬಿಕೆ. ಕಂಪ್ಯೂಟರನ್ನು ನಡೆಸುವ ಈ ಲಿನಕ್ಸ್ ತಂತ್ರಾಂಶ ಯಾರಪ್ಪನ ಸೊತ್ತೂ ಅಲ್ಲ. ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಮಗೆ ಬೇಕಾದಂತೆ ತಿದ್ದಿಕೊಳ್ಳಬಹುದು. ಅವಳು ತಿದ್ದಿಕೊಂಡಿದ್ದಳು.

ಏರ್ಪಾಡು ಇಷ್ಟೇ. ದಿನಾ ಬೆಳಿಗ್ಗೆ ಪ್ರತಿ ಉಪಕೇಂದ್ರದ ನರ್ಸಮ್ಮ ಬ್ರೌಸರ್ ತೆರೆದು, ಯಾವ ಔಷಧಿ ಇದೆ, ಯಾವುದು ಬೇಕು ಎಂದು ತನಗೆ ತೋಚಿದ ಕನ್ನಡದಲ್ಲಿ ನಾಲ್ಕು ಸಾಲು ಬರೆಯುತ್ತಾಳೆ. ಅದನ್ನು ದಾಸ್ತಾನು ಯಂತ್ರ ಓದುತ್ತದೆ. ಓದಿ, ನಿಯಂತ್ರಣ ಕೊಠಡಿಯ ತಾರಸಿಯಿಂದ ತಣ್ಣನೆಯ ಹಾರುಪೆಟ್ಟಿಗೆಗಳನ್ನು ಎಬ್ಬಿಸಿ ಎಲ್ಲಿಗೆ ಏನು ಬೇಕೋ ಅದನ್ನು ಕಳಿಸುತ್ತದೆ. ಜೀಪಿಗೆ ಒಂದೂವರೆ ಗಂಟೆಯಾಗುವ ದಾರಿ ಪೆಟ್ಟಿಗೆಗೆ ಇಪ್ಪತ್ತು ನಿಮಿಷ.

ತೊಂದರೆ ಇದ್ದದ್ದು ಓದುವುದರಲ್ಲಿ. ಒಂಬತ್ತು ವರ್ಷದ ಹಿಂದೆ, ಯಂತ್ರ ಹೊಸದಾಗಿ ಬಂದಾಗ, ಒಂದು ಊರಿನಿಂದ "ಮಕ್ಕಳಿಗೆ ಅಮ್ಮ ಬಂದವ್ಳೆ" ಎಂದು ಬರೆದರು. ಊರಲ್ಲಿ ಏಳು ಮಕ್ಕಳಿಗೆ ಸಿಡುಬಿನಂಥ ಗುಳ್ಳೆಯೆದ್ದಿದೆ ಎಂದು ಅದರ ಅರ್ಥ. ಯಂತ್ರ "ತಾಯಂದಿರ ಭೇಟಿ" ಎಂದು ತಿಳಿದು ಸುಮ್ಮನಾಯಿತು. ಅಂದಿನಿಂದ ನೀಲಾಂಬಿಕೆ ಒಂದು ಪಟ್ಟಿ ಮಾಡತೊಡಗಿದಳು. ಸೊಲ್ಲುಪಟ್ಟಿ ಎಂದು ಅದಕ್ಕೆ ಹೆಸರಿಟ್ಟಳು. ಹುಳ ಮುಟ್ಟಿತು ಎಂದರೆ ಹಾವು ಕಡಿಯಿತು. ದೊಡ್ಡವಳಾದಳು ಎಂದರೆ ಮೈನೆರೆದಳು. ಹೊರಗಾಗಿದ್ದಾಳೆ ಎಂದರೆ ಬೀದಿಗೆ ಹೋಗಿದ್ದಾಳೆ ಎಂದಲ್ಲ. ಹೀಗೆ ನಾನೂರ ಹನ್ನೆರಡು ಮಾತು. ಹಳೆಯ ಬ್ರೌಸರಿನ ಹೊಟ್ಟೆಯೊಳಗೆ ಆ ಪಟ್ಟಿಯನ್ನು ಸೇರಿಸಿದ್ದಳು. ನರ್ಸಮ್ಮಂದಿರು ಬರೆದದ್ದು ಆ ಪಟ್ಟಿಯನ್ನು ಹಾದು ಯಂತ್ರದ ಕಿವಿಗೆ ಬೀಳುತ್ತಿತ್ತು. ಒಂಬತ್ತು ವರ್ಷ ಒಂದು ಔಷಧಿಯೂ ದಾರಿ ತಪ್ಪಲಿಲ್ಲ.

ಪಟ್ಟಿಯ ಮೊದಲನೇ ಮಾತು ಅವಳ ತಾಯಿಯದು: ಹೆಚ್ಚಾಗಿದೆ.

ತಾಯಿ ಪುಟ್ಟಬಸಮ್ಮನ ಬಾಯಲ್ಲಿ ಮನೆಯ ಯಾವ ಪದಾರ್ಥಕ್ಕೂ "ಇಲ್ಲ" ಎಂಬ ಮಾತು ಹುಟ್ಟಿದ್ದೇ ಇಲ್ಲ. ಡಬ್ಬಿ ತಳ ಕಂಡರೆ "ರಾಗಿ ಹೆಚ್ಚಾಗದೆ ಕಣವ್ವ, ಬರ್ತಾ ತಕ್ಕೊಂಡು ಬಾ" ಎನ್ನುವಳು. ಇಲ್ಲ ಎಂದರೆ ಲಕ್ಷ್ಮಿ ಕೇಳಿಸಿಕೊಂಡು ಎದ್ದು ಹೋಗುತ್ತಾಳಂತೆ. ದೇವರ ಮುಂದಿನ ದೀಪವನ್ನು ಆರಿಸು ಎನ್ನುವುದಿಲ್ಲ, "ದೊಡ್ಡದು ಮಾಡು" ಎನ್ನುವಳು. ನೀಲಾಂಬಿಕೆಯ ತಂದೆ ತೀರಿಕೊಂಡ ದಿನ ಮನೆಗೆ ಬಂದ ಹೆಂಗಸರು ತಾಯಿಯ ಕೈ ಹಿಡಿದು "ಬಳೆ ಹೆಚ್ಚಾದವಲ್ಲೇ ಪುಟ್ಟಬಸವ್ವ" ಎಂದು ಅತ್ತಿದ್ದರು. ಒಡೆದವು ಎಂದು ಯಾರೂ ಹೇಳಲಿಲ್ಲ. ಹೇಳುವುದಕ್ಕೆ ಯಾರಿಗೂ ನಾಲಿಗೆ ಏಳುವುದಿಲ್ಲ.

ಏಕಂ ಕಂಪನಿಯ ಬ್ರೌಸರಿನ ಹೆಸರು ಬೆಳಕಿಂಡಿ. ಅದನ್ನು ತೋರಿಸಿಕೊಡಲು ಬಂದವನು ಸೌಮಿತ್ರ ಎಂಬ ಮೂವತ್ತರ ಯುವಕ. ಹಾಸನದ ಕಡೆಯವನು, ನಗುಮುಖದವನು. ಲಿನಕ್ಸಿನ ಗುರುತಾದ ಪೆಂಗ್ವಿನ್ ಹಕ್ಕಿಯ ಗೊಂಬೆಗೆ ಮೈಸೂರು ಪೇಟ ತೊಡಿಸಿ ತಂದಿದ್ದ.

"ಏಕಂ ಲಿನಕ್ಸನ್ನ ಪ್ರೀತಿಸುತ್ತೆ ಮೇಡಂ," ಎಂದ.

"ಯಾವತ್ತಿಂದ?" ಎಂದಳು ನೀಲಾಂಬಿಕೆ.

ಅವನು ಅದನ್ನು ತಮಾಷೆಯೆಂದು ತಿಳಿದು ನಕ್ಕ. ಆಮೇಲೆ ವಿವರಿಸಿದ. ಹಳೆಯ ಬ್ರೌಸರುಗಳು ನೀವು ಬರೆದದ್ದನ್ನು ಬರೆದಂತೆ ಕಳಿಸುತ್ತವೆ. ಬೆಳಕಿಂಡಿ ಹಾಗಲ್ಲ. ಅದು ನೀವು ಬರೆದದ್ದರ ಅರ್ಥವನ್ನು ತೆಗೆದು, ಚೊಕ್ಕ ಮಾಡಿ, ಅರ್ಥವನ್ನಷ್ಟೇ ಮುಂದಕ್ಕೆ ಕಳಿಸುತ್ತದೆ. ಓದುವವರಿಗೂ ಅರ್ಥ ಮಾತ್ರ ಕಾಣುತ್ತದೆ. ಯಾರು ಯಾವ ಮಾತಿನಲ್ಲಿ ಬರೆದರು ಎಂಬ ಗೊಡವೆಯೇ ಇಲ್ಲ.

"ಬರೆದ ಮಾತು ಎಲ್ಲಿಗೆ ಹೋಗುತ್ತೆ?"

"ಅದು ಬೇಡವಲ್ಲ ಮೇಡಂ. ಅರ್ಥ ಸಿಕ್ಕಿದ ಮೇಲೆ ಮಾತು ಯಾಕೆ?"

"ಅರ್ಥ ತಪ್ಪಾದರೆ?"

"ಆಗಲ್ಲ."

ಅವನ ಮುಂದೆಯೇ ಅವಳು "ಉಪ್ಪು ಹೆಚ್ಚಾಗಿದೆ" ಎಂದು ಬರೆದಳು. ಅಕ್ಷರಗಳು ಒಮ್ಮೆ ಮಿನುಗಿ, ತಾವೇ ಬದಲಾಗಿ, "ಉಪ್ಪು: ಅಗತ್ಯಕ್ಕಿಂತ ಅಧಿಕ" ಎಂದು ನಿಂತವು.

"ನೋಡಿ, ಎಷ್ಟು ಕ್ಲಿಯರ್!" ಎಂದ ಸೌಮಿತ್ರ.

ನೀಲಾಂಬಿಕೆಗೆ ಮೈಯೆಲ್ಲ ಉರಿದುಹೋಯಿತು. "ನಿಮ್ಮ ಮನೇಲಿ ಉಪ್ಪು ಮುಗಿದರೆ ನಿಮ್ಮಜ್ಜಿ ಏನಂತಾರೆ ಸೌಮಿತ್ರ?"

ಅವನ ನಗು ಒಂದು ಗಳಿಗೆ ನಿಂತಿತು. "ಅಜ್ಜಿಯಂದಿರ ಭಾಷೆ ಬೇರೆ ಮೇಡಂ, ಆಫೀಸ್ ಭಾಷೆ ಬೇರೆ."

ಸೊಲ್ಲುಪಟ್ಟಿಯನ್ನು ಇದರೊಳಗೆ ಹಾಕಿಕೊಡಿ ಎಂದು ಅವಳು ಕೇಳಿದಳು. ಹೊರಗಿನ ಪಟ್ಟಿಗಳಿಗೆ ಬೆಳಕಿಂಡಿಯಲ್ಲಿ ಜಾಗವಿಲ್ಲ, ಸುರಕ್ಷತೆಯ ಪ್ರಶ್ನೆ ಎಂದ. ಲಿನಕ್ಸಿನ ಮೇಲೆ ಕೂತಿದ್ದರೂ ಬೆಳಕಿಂಡಿಯನ್ನು ಬಿಚ್ಚಿ ನೋಡುವ ಹಾಗಿಲ್ಲ. ಹಾಗಾದರೆ ನಮಗೆ ನಮ್ಮ ಹಳೆಯ ಬ್ರೌಸರೇ ಇರಲಿ ಎಂದಳು. ಆಗ ಸೌಮಿತ್ರ ಸುತ್ತೋಲೆ ತೆಗೆದು ತೋರಿಸಿದ. ಇನ್ನು ಮೂರು ವಾರಕ್ಕೆ ಬರುವ ಸೋಮವಾರದಿಂದ ದಾಸ್ತಾನು ತಾಣ ಬೆಳಕಿಂಡಿಯಲ್ಲಿ ಮಾತ್ರ ತೆರೆಯುತ್ತದೆ. ಬೇರೆ ಜಿಲ್ಲೆಗಳಲ್ಲಿ ಈ ನಿಯಮ ಬಂದು ಎರಡು ವರ್ಷವಾಗಿತ್ತು. ಇವರನ್ನು ಬಿಟ್ಟಿದ್ದು ಯಾಕೆಂದರೆ ಲಿನಕ್ಸಿಗೆ ಬೆಳಕಿಂಡಿ ಇರಲಿಲ್ಲ. ಈಗ ಬಂದಿದೆ. ಇನ್ನು ನೆಪವಿಲ್ಲ.

ಹಾರ ತುರಾಯಿಯ ಕಾರಣ ನೀಲಾಂಬಿಕೆಗೆ ಆಗ ತಿಳಿಯಿತು. ಇಷ್ಟು ವರ್ಷ ಏಕಂ ಕಂಪನಿಯ ತಾತ್ಸಾರವೇ ಇವರನ್ನು ಕಾಪಾಡಿಕೊಂಡು ಬಂದಿತ್ತು. ಪ್ರೀತಿ ಬಂದದ್ದೇ ಬಾಗಿಲು ಹೋಯಿತು.

ಅವಳು ಸುಮ್ಮನೆ ಕೂರಲಿಲ್ಲ. ಏಕಂ ಕಂಪನಿಗೆ ದೂರು ಬರೆದಳು, ಹತ್ತು ಉದಾಹರಣೆ ಕೊಟ್ಟಳು. ಮೂರನೇ ದಿನ ಉತ್ತರ ಬಂತು: "ಪರಿಶೀಲಿಸಲಾಗಿದೆ. ವಿನ್ಯಾಸಕ್ಕೆ ಅನುಗುಣವಾಗಿಯೇ ಕೆಲಸ ಮಾಡುತ್ತಿದೆ." ಮತ್ತೆ ಬರೆದಳು. "ಈ ಬಳಕೆಯವರ ಸಂಖ್ಯೆ ಗಣನೀಯವಲ್ಲ" ಎಂದು ಬಂತು. ಮೂರನೆಯದಕ್ಕೆ "ನಿಮ್ಮ ಬಳಕೆದಾರರಿಗೆ ಸರಿಯಾದ ಕನ್ನಡ ಬರೆಯಲು ತರಬೇತಿ ನೀಡಿ" ಎಂಬ ಉಪದೇಶ. ಸರಿಯಾದ ಕನ್ನಡವಂತೆ! ಯಾವ ಸಮುದ್ರದಾಚೆ ಕೂತು ಯಾರು ಬರೆದರೋ, ಆ ಉತ್ತರವನ್ನೂ ಬೆಳಕಿಂಡಿಯೇ ಕನ್ನಡಕ್ಕಿಳಿಸಿತ್ತು.

ಆ ಸಂಜೆ ಮನೆಯಲ್ಲಿ ತಟ್ಟೆಯ ಮುಂದೆ ಕೂತು ಅವಳು ಇದನ್ನೆಲ್ಲ ಹೇಳಿಕೊಂಡಳು. ಪುಟ್ಟಬಸಮ್ಮ ಮುದ್ದೆ ಮುರಿದು ಮಗಳ ತಟ್ಟೆಗೆ ಸಾರು ಬಿಡುತ್ತಾ ಕೇಳಿಸಿಕೊಂಡಳು.

"ಅದೇನು ಮಿಷನ್ನೋ, ಮನುಷ್ಯ್ರೋ?"

"ಮಿಷನ್ನೇ ಅವ್ವ."

"ಮಿಷನ್ನಾದ್ರೆ ಕಲ್ಸಿಕೊಡು ಮತ್ತೆ. ನಿಂಗೂ ನಾನು ಕಲ್ಸಿದ್ದಲ್ವಾ? ಮೂರು ವರ್ಸದೋಳು, ಅಕ್ಕಿ ಇಲ್ಲ ಅಂತ ಬೀದೀಲಿ ಕೂಗಿ ಏಟು ತಿಂದಿದ್ದೆ."

"ಕಲಿಯಲ್ಲ ಅಂತದೆ. ನಾವೇ ಕಲೀಬೇಕಂತೆ."

ಪುಟ್ಟಬಸಮ್ಮ ಸಾರಿನ ಸೌಟನ್ನು ಪಾತ್ರೆಯೊಳಗೆ ಬಿಟ್ಟಳು. "ಅದ್ಯಾವ್ ಸೊಕ್ಕು ಕಣವ್ವ ಅದ್ರದು," ಎಂದಳು.

ಮಾರನೆಯ ದಿನದಿಂದ ನೀಲಾಂಬಿಕೆ ಒಂದೊಂದೇ ಉಪಕೇಂದ್ರಕ್ಕೆ ಹೋಗಿ ಹೇಳತೊಡಗಿದಳು. ಹೆಚ್ಚಾಗಿದೆ ಎಂದು ಬರೆಯಬೇಡಿ, ಇಲ್ಲ ಎಂದು ಬರೆಯಿರಿ. ಎಪ್ಪತ್ತಾರು ಊರಲ್ಲಿ ಸೋಮವಾರದ ಒಳಗೆ ಅವಳಿಗೆ ತಲುಪಲು ಸಾಧ್ಯವಾದದ್ದು ಇಪ್ಪತ್ತು. ಉಳಿದವರಿಗೆ ಫೋನು ಮಾಡಿದಳು. ಗುತ್ತಲವಾಡಿಗೆ ತಾನೇ ಹೋದಳು, ಏಕೆಂದರೆ ಅಲ್ಲಿನ ಚಿಕ್ಕತಾಯಮ್ಮ ಇಪ್ಪತ್ತಾರು ವರ್ಷದಿಂದ ನರ್ಸು, ಹಟದ ಹೆಂಗಸು.

ಚಿಕ್ಕತಾಯಮ್ಮ ಬಾಣಂತಿಯೊಬ್ಬಳ ಮಗುವನ್ನು ತೂಗುತ್ತಾ ಎಲ್ಲವನ್ನೂ ಕೇಳಿದಳು. "ಆಸ್ಪತ್ರೇಲಿ ಕುಂತ್ಕೊಂಡು ಔಷಧಿ ಇಲ್ಲ ಅನ್ನು ಅಂತೀರಾ ನೀಲಮ್ಮ? ಬೆಳಬೆಳಿಗ್ಗೆ?"

"ಬಾಯಲ್ಲಿ ಅನ್ನಬೇಡಿ. ಬರೀರಿ ಸಾಕು."

"ಬರ್ಯೋದೂ ಅಂದಂಗೇ ಅಲ್ವಾ?" ಎಂದಳು. ಆಮೇಲೆ ನೀಲಾಂಬಿಕೆಯ ಮುಖ ನೋಡಿ ಕರಗಿದಳು. "ಆಯ್ತು ಬುಡಿ. ನಿಮ್ಗೋಸ್ಕರ ಬರಿತೀನಿ."

ಬರೆದಳು ಕೂಡ. ಮೂರು ವಾರ "ಇಲ್ಲ" ಎಂದೇ ಬರೆದಳು, ಬರೆದ ಮೇಲೆ ಪ್ರತಿ ಸಲ ಕೆನ್ನೆಗೆ ಬಡಿದುಕೊಂಡಳು.

ನಾಲ್ಕನೇ ವಾರ ಊರ ಹೊಲಗಳಲ್ಲಿ ಅರಿಶಿನ ಕೀಳುವ ಕೆಲಸ ಶುರುವಾಯಿತು. ಒಣಗಿದ ಎಲೆಯ ಅಡಿಯಲ್ಲಿ ಹಾವು ಮಲಗಿರುವ ಕಾಲ ಅದು. ಬುಧವಾರ ಒಬ್ಬಳಿಗೆ ಕಡಿದು, ಚಿಕ್ಕತಾಯಮ್ಮ ಇದ್ದ ಹತ್ತು ಸೀಸೆ ವಿಷದ ಔಷಧಿಯನ್ನೂ ಕೊಟ್ಟು ಬದುಕಿಸಿದಳು. ಆ ಗಡಿಬಿಡಿಯಲ್ಲಿ, ಗೆದ್ದ ಸಂತೋಷದಲ್ಲಿ, ಗುರುವಾರ ಬೆಳಿಗ್ಗೆ ಅವಳ ಕೈ ಇಪ್ಪತ್ತಾರು ವರ್ಷದ ರೂಢಿಯಂತೆ ಬರೆಯಿತು: ಹುಳದ ಔಷಧಿ ಹೆಚ್ಚಾಗಿದೆ.

ಅಂದೇ ಮಧ್ಯಾಹ್ನ ಮೂರೂಕಾಲಿಗೆ ನಿಯಂತ್ರಣ ಕೊಠಡಿಯಲ್ಲಿ ಎಲ್ಲವೂ ಹಸಿರಾಗಿತ್ತು. ಗೋಡೆಯಗಲದ ಪರದೆಯ ಮೇಲೆ ಎಪ್ಪತ್ತಾರು ಚುಕ್ಕೆ, ಎಲ್ಲವೂ ಹಸಿರು. ಬೆಳಕಿಂಡಿ ಬಂದ ಮೇಲೆ ಕೆಂಪು ಚುಕ್ಕೆಗಳು ಕಡಿಮೆಯಾಗಿವೆ ಎಂದು ಏಕಂ ಕಂಪನಿ ತನ್ನ ಜಾಹೀರಾತಿನಲ್ಲಿ ಹಾಕಿಕೊಂಡೂ ಆಗಿತ್ತು. ಗುತ್ತಲವಾಡಿಯ ಚುಕ್ಕೆಯ ಪಕ್ಕ "ತುರ್ತು" ಎಂದು ಒಮ್ಮೆ ಮಿನುಗಿತು. ನೀಲಾಂಬಿಕೆ ಕುರ್ಚಿಯಿಂದ ಎದ್ದಳು. ಅಷ್ಟರಲ್ಲಿ ಅದು ತಾನಾಗಿಯೇ "ಸಾಮಾನ್ಯ" ಎಂದು ಬದಲಾಯಿತು. ಕೆಳಗೆ ವಿವರ: "ಹುಳುವಿನ ಸ್ಪರ್ಶ, ಚರ್ಮ. ಔಷಧಿ: ಅಗತ್ಯಕ್ಕಿಂತ ಅಧಿಕ. ಕೋರಿಕೆ: ಪೆಟ್ಟಿಗೆ." ಅದನ್ನು ಅವಳು ಓದಿ ಮುಗಿಸುವ ಮುಂಚೆಯೇ ತಾರಸಿಯಿಂದ ಒಂದು ಹಾರುಪೆಟ್ಟಿಗೆ ಎದ್ದುಹೋದ ಸದ್ದು ಕೇಳಿಸಿತು. ಪೆಟ್ಟಿಗೆ ಹೋಯಿತಲ್ಲ ಎಂದು ಅವಳು ಮತ್ತೆ ಕೂತಳು. ಆ ಕೂತದ್ದನ್ನು ಅವಳು ಬದುಕಿರುವ ತನಕ ಮರೆಯುವುದಿಲ್ಲ.

ಗುತ್ತಲವಾಡಿಯಲ್ಲಿ ಆ ಹೊತ್ತಿಗೆ ರಂಗನಾಯಕ ಎಂಬ ಮೂವತ್ತಾರರ ರೈತ ಉಪಕೇಂದ್ರದ ಬೆಂಚಿನ ಮೇಲೆ ಮಲಗಿದ್ದ. ಅವನ ಅಂಗೈಗಳು ಅರಿಶಿನದಿಂದ ಹಳದಿಯಾಗಿದ್ದವು, ಎಡಗಾಲ ಹಿಮ್ಮಡಿಯ ಮೇಲೆ ಎರಡು ತೂತು. ಹೆಂಡತಿ ಜವನಮ್ಮ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಚಿಕ್ಕತಾಯಮ್ಮ ಓಡಿಹೋಗಿ ಕಂಪ್ಯೂಟರಿನ ಮುಂದೆ ನಿಂತುಕೊಂಡೇ ಬರೆದಿದ್ದಳು: "ಹುಳ ಮುಟ್ಟದೆ. ಔಷಧಿ ಹೆಚ್ಚಾಗದೆ. ಬೇಗ ಪೆಟ್ಟಿಗೆ ಕಳಿಸಿ." ಅದರಲ್ಲಿ ಅರ್ಥವಾಗದ್ದು ಏನಿದೆ? ಆ ಸೀಮೆಯ ಹಸುಗೂಸಿಗೂ ಅರ್ಥವಾಗುತ್ತದೆ.

ತಾಲ್ಲೂಕು ಆಸ್ಪತ್ರೆಗೆ ಒಂದೂಕಾಲು ಗಂಟೆಯ ದಾರಿ. ಪೆಟ್ಟಿಗೆ ಇಪ್ಪತ್ತೇ ನಿಮಿಷಕ್ಕೆ ಬರುತ್ತದೆ, ಔಷಧಿ ಕೊಟ್ಟೇ ಕರೆದೊಯ್ಯೋಣ ಎಂದು ಚಿಕ್ಕತಾಯಮ್ಮ ಜವನಮ್ಮನಿಗೆ ಧೈರ್ಯ ಹೇಳಿದಳು. ಮಾತಿನಂತೆ ಇಪ್ಪತ್ತೇ ನಿಮಿಷಕ್ಕೆ ಪೆಟ್ಟಿಗೆ ಅಂಗಳಕ್ಕಿಳಿಯಿತು. ಜವನಮ್ಮ ಕೈಮುಗಿದಳು. ಚಿಕ್ಕತಾಯಮ್ಮ ಓಡಿಹೋಗಿ ಮುಚ್ಚಳ ತೆಗೆದಳು. ಪೆಟ್ಟಿಗೆ ಖಾಲಿ. ಮುಚ್ಚಳದ ಮೇಲೆ ಬೆಳಕಿನ ಅಕ್ಷರ ಓಡುತ್ತಿತ್ತು: "ಹೆಚ್ಚುವರಿ ಔಷಧಿಯನ್ನು ಇದರಲ್ಲಿ ತುಂಬಿ. ನಿಮ್ಮ ಸಹಕಾರಕ್ಕೆ ಧನ್ಯವಾದ."

ಫೋನು ಬಂದಾಗ ನೀಲಾಂಬಿಕೆಗೆ ಮೊದಲು ಕೇಳಿಸಿದ್ದು ಬರೀ ಉಸಿರು. ಆಮೇಲೆ ಚಿಕ್ಕತಾಯಮ್ಮನ ಧ್ವನಿ: "ನೀಲಮ್ಮಾ, ಖಾಲಿ ಪೆಟ್ಗೆ ಕಳ್ಸೀರಲ್ಲಾ! ಉಸ್ರು ಕಟ್ತಾ ಅದೆ ಅವನ್ಗೆ!"

ಗೋಡೆಯ ಮೇಲಿನ ಚುಕ್ಕೆ ಆಗಲೂ ಹಸಿರಾಗಿಯೇ ಇತ್ತು. ನೀಲಾಂಬಿಕೆ ಎರಡನೇ ಪೆಟ್ಟಿಗೆ ಕಳಿಸಲು ಹೋದಳು. "ಅಧಿಕ ದಾಸ್ತಾನು ಇರುವ ಕೇಂದ್ರಕ್ಕೆ ರವಾನೆ ಸಾಧ್ಯವಿಲ್ಲ" ಎಂದು ಬೆಳಕಿಂಡಿ ತಡೆಯಿತು. ದಾಸ್ತಾನನ್ನು ಸೊನ್ನೆ ಎಂದು ತಿದ್ದಲು ಹೋದಳು. ತಿದ್ದುವ ಅಧಿಕಾರ ಕೇಂದ್ರದ ನರ್ಸಿಗೆ ಮಾತ್ರ, ಅದೂ ಮಾರನೆಯ ಬೆಳಗಿನ ವರದಿಯಲ್ಲಿ ಎಂದಿತು. ಹಳೆಯ ಬ್ರೌಸರ್ ತೆರೆದಳು. "ಈ ತಾಣ ಬೆಳಕಿಂಡಿಯಲ್ಲಿ ಮಾತ್ರ ಲಭ್ಯ." ಆಮೇಲೆ ಅವಳು ಕಂಪ್ಯೂಟರಿನ ಸಹವಾಸವೇ ಬೇಡವೆಂದು ಎದ್ದು, ತಣ್ಣನೆ ಕೋಣೆಯ ಬೀಗದ ಮೊಹರು ಕಿತ್ತು, ಸೀಸೆಗಳನ್ನು ಮಂಜುಗಡ್ಡೆಯ ಡಬ್ಬಿಗೆ ತುಂಬಿಕೊಂಡು ಜೀಪಿಗೆ ಹಾರಿದಳು. ಅತ್ತಲಿಂದ ಚಿಕ್ಕತಾಯಮ್ಮ ಊರಿನ ಗೂಡ್ಸ್ ಆಟೋದಲ್ಲಿ ರಂಗನಾಯಕನನ್ನು ಮಲಗಿಸಿಕೊಂಡು ಎದುರು ಹೊರಟಿದ್ದಳು.

ನಡುದಾರಿಯ ಕೆರೆ ಏರಿಯ ಮೇಲೆ ಎರಡೂ ಗಾಡಿ ಎದುರಾದವು. ನೀಲಾಂಬಿಕೆ ಡಬ್ಬಿ ಅವುಚಿಕೊಂಡು ಇಳಿದು ಓಡಿದಳು. ಚಿಕ್ಕತಾಯಮ್ಮ ಆಟೋದ ಹಿಂದೆ ಕೂತಿದ್ದವಳು ಕೈ ಅಡ್ಡ ಆಡಿಸಿದಳು. ಬಿಸಿಲು ಇನ್ನೂ ಚೆನ್ನಾಗಿಯೇ ಇತ್ತು. ಜವನಮ್ಮ ಗಂಡನ ಹಳದಿ ಅಂಗೈಯನ್ನು ತನ್ನ ಸೆರಗಿನಿಂದ ಒರೆಸುತ್ತಾ ಕೂತಿದ್ದಳು, ಒರೆಸಿದರೆ ಎಲ್ಲ ಸರಿಹೋಗುತ್ತದೆ ಎನ್ನುವ ಹಾಗೆ.

ಹದಿನೈದು ದಿನಕ್ಕೆ ವಿಚಾರಣೆ. ವಿಚಾರಣೆಗೆ ಮೊದಲೇ ತೀರ್ಪು ತಯಾರಾಗಿತ್ತು. "ನರ್ಸ್ ಚಿಕ್ಕತಾಯಮ್ಮ ಮಾಡಿದ ತಪ್ಪು ನಮೂದಿನಿಂದ ಸಾವು ಸಂಭವಿಸಿದೆ. ಸೇವೆಯಿಂದ ಅಮಾನತು ಮಾಡಿ, ಪೊಲೀಸ್ ದೂರು ದಾಖಲಿಸುವುದು" ಎಂದು ಬೆಳಕಿಂಡಿಯೇ ಬರೆದುಕೊಟ್ಟ ಆದೇಶದ ಹಾಳೆ ಆರೋಗ್ಯಾಧಿಕಾರಿ ಡಾಕ್ಟರ್ ಮಲ್ಲಿಕಾರ್ಜುನಸ್ವಾಮಿಯವರ ಮುಂದಿತ್ತು. ರುಜು ಒಂದು ಬಾಕಿ. ನೋಡಿ ಎಂಥ ನ್ಯಾಯ! ಕೊಂದದ್ದೂ ಅದೇ, ಕೊಂದವರು ಯಾರೆಂದು ಬರೆದದ್ದೂ ಅದೇ.

ಸಭೆಯ ಕೋಣೆಯಲ್ಲಿ ಬೆಳಗಿನ ಹನ್ನೊಂದು ಗಂಟೆ. ಮೇಜಿನ ಒಂದು ಕಡೆ ಅಧಿಕಾರಿ, ಪಕ್ಕದಲ್ಲಿ ಸೌಮಿತ್ರ. ಇನ್ನೊಂದು ಕಡೆ ನೀಲಾಂಬಿಕೆ, ಚಿಕ್ಕತಾಯಮ್ಮ, ಜವನಮ್ಮ. ಮೇಜಿನ ನಡುವೆ ಬೆಳಕಿಂಡಿಯ ಕಿವಿ, ಒಂದು ಕಪ್ಪು ಬಿಲ್ಲೆ. ಯಾರು ಏನು ಮಾತಾಡಿದರೂ ಅದರ ಅರ್ಥ ಆ ಕ್ಷಣವೇ ಗೋಡೆಯ ಪರದೆಯ ಮೇಲೆ ನಡಾವಳಿಯಾಗಿ ಮೂಡುತ್ತಿತ್ತು. ಅದೇ ದಾಖಲೆ, ಬೇರೆ ದಾಖಲೆಯಿಲ್ಲ.

ನೀಲಾಂಬಿಕೆ ತನ್ನ ಮೂರು ದೂರು, ಮೂರು ಉತ್ತರಗಳನ್ನು ಮೇಜಿನ ಮೇಲೆ ಹರಡಿದಳು. "ಸಾರ್, ಹೀಗಾಗುತ್ತೆ ಅಂತ ಮೊದಲೇ ಹೇಳಿದ್ದೆ. ಚಿಕ್ಕತಾಯಮ್ಮನೋರು ತಪ್ಪು ಬರೆದಿಲ್ಲ. ಅವರು ಬರೆದದ್ದು ಕನ್ನಡ. ಓದೋಕೆ ಬರದೋರದು ತಪ್ಪು."

ಸೌಮಿತ್ರ ಗಂಟಲು ಸರಿಮಾಡಿಕೊಂಡ. "ನಡೆದದ್ದಕ್ಕೆ ನಮಗೂ ಬೇಜಾರಿದೆ ಸಾರ್. ಆದರೆ ಟೆಕ್ನಿಕಲಿ ಸಿಸ್ಟಂ ಸರಿಯಾಗೇ ಓದಿದೆ. ಹೆಚ್ಚಾಗಿದೆ ಅಂದ್ರೆ ಹೆಚ್ಚಾಗಿದೆ. ಬೇಕಾದ್ರೆ ನಿಘಂಟು ತೆಗೆದು ನೋಡಿ. ಟ್ರೈನಿಂಗ್ ಕೊಟ್ಟ ಮೇಲೂ ಅವರು ಹಾಗೆ ಬರೆದರೆ ನಾವೇನು ಮಾಡೋಕಾಗುತ್ತೆ?"

ಚಿಕ್ಕತಾಯಮ್ಮ ತಲೆ ಎತ್ತಲಿಲ್ಲ. "ನಂದೇ ತಪ್ಪು ಬುಡಿ ನೀಲಮ್ಮ. ಮೂರು ವಾರ ಇಲ್ಲ ಇಲ್ಲ ಅಂತ ಬರ್ದಿದ್ದೆ. ಅವತ್ತು ಕೈ ಕೇಳ್ಲಿಲ್ಲ," ಎಂದಳು. ಗೋಡೆಯ ಮೇಲೆ "ನರ್ಸ್: ತಪ್ಪನ್ನು ಒಪ್ಪಿಕೊಂಡಿದ್ದಾರೆ" ಎಂದು ಬಿತ್ತು. ಅಷ್ಟು ಮಾತು ಮಾತ್ರ ಅದಕ್ಕೆ ಚೆನ್ನಾಗಿ ಅರ್ಥವಾಗಿತ್ತು!

ಡಾಕ್ಟರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಅವರು ಕೆಟ್ಟವರಲ್ಲ, ದಣಿದವರು. ಪೆನ್ನು ಕೈಗೆ ತೆಗೆದುಕೊಂಡು, ಕೊನೆಯ ಶಾಸ್ತ್ರವೆಂಬಂತೆ ಜವನಮ್ಮನ ಕಡೆ ತಿರುಗಿದರು. "ನೀನೇನಾದರೂ ಹೇಳೋದಿದೆಯೇನಮ್ಮ?"

ಜವನಮ್ಮ ಎದ್ದು ನಿಂತಳು. ಬರಿದಾದ ಎರಡು ಕೈಯನ್ನೂ ಸೆರಗಿನೊಳಗೆ ಮಾಡಿಕೊಂಡಳು. "ಏನ್ ಹೇಳ್ಲಿ ಸ್ವಾಮಿ. ಅರ್ಶ್ಣ ಕೀಳಕ್ ಹೋಗಿದ್ದೊ. ಹುಳ ಮುಟ್ತು. ಪೆಟ್ಗೆ ಬತ್ತದೆ, ಹೆದ್ರುಬ್ಯಾಡ ಅಂದ್ರು ಈ ಅಮ್ಮ. ಬಂತು, ಪೆಟ್ಗೆ ಬಂತು. ಹೊತ್ತು ಮುಳ್ಗೋಕೆ ಮುಂಚೆ ನನ್ ಬಳೆ ಹೆಚ್ಚಾದೊ."

ಗೋಡೆಯ ಮೇಲೆ ಒಂದೊಂದೇ ಸಾಲು ಮೂಡಿತು.

"ಅರ್ಜಿದಾರರಿಗೆ ಅರಿಶಿನ ಕೊಯ್ಲಿನ ವೇಳೆ ಹುಳುವಿನ ಸ್ಪರ್ಶವಾಯಿತು. ಪೆಟ್ಟಿಗೆ ಸಕಾಲಕ್ಕೆ ತಲುಪಿತು. ಅದೇ ದಿನ ಸೂರ್ಯಾಸ್ತದ ಮುನ್ನ ಅರ್ಜಿದಾರರ ಬಳೆಗಳು ಹೆಚ್ಚಾದವು. ಕುಟುಂಬದ ಸ್ಥಿತಿ: ಸುಧಾರಿಸಿದೆ."

ಜವನಮ್ಮನಿಗೆ ಓದು ಬರುತ್ತಿತ್ತು. ತುಟಿ ಅಲ್ಲಾಡಿಸುತ್ತಾ ಕೊನೆಯ ತನಕ ಓದಿದಳು. ಸೆರಗಿನಿಂದ ಕೈ ಹೊರಗೆ ತೆಗೆದು ಗೋಡೆ ತೋರಿಸಿದಳು. "ಇದ್ಯಾರು ಬರ್ದೋರು?" ಎಂದು ಕೇಳಿದಳು. "ಯಾರು? ಎದ್ದು ನಿಂತ್ಕೊಂಡು ಹೇಳ್ಲಿ."

ಯಾರು ನಿಲ್ಲಬೇಕು? ಅದಕ್ಕೆ ಕಾಲಿಲ್ಲ. ನೀಲಾಂಬಿಕೆ ಸೌಮಿತ್ರನ ಕಡೆ ತಿರುಗಿದಳು. "ಸೌಮಿತ್ರ, ನಿಮ್ಮ ಯಂತ್ರಕ್ಕೆ ಗೊತ್ತಿಲ್ಲ, ಸರಿ. ನಿಮಗೆ ಗೊತ್ತಲ್ಲ. ಅವತ್ತು ಉಪ್ಪು ಅಂತ ಬರೆದಾಗಲೂ ಗೊತ್ತಿತ್ತಲ್ಲ?"

ಸೌಮಿತ್ರನ ಮುಖ ಬಿಳಿಚಿಕೊಂಡಿತ್ತು. "ಮೇಡಂ, ನಾನು ರಿಪೋರ್ಟ್ ಮಾಡ್ತೀನಿ. ಇದನ್ನ ನೆಕ್ಸ್ಟ್ ವರ್ಷನ್‌ನಲ್ಲಿ ಖಂಡಿತ ಸೇರಿಸ್ತೀವಿ."

"ಏನನ್ನ ಸೇರಿಸ್ತೀರಿ?"

"ಇದನ್ನೇ."

"ಇದು ಅಂದ್ರೆ ಏನು? ಬಾಯಿ ಬಿಟ್ಟು ಹೇಳಿ. ಆಫೀಸ್ ಭಾಷೇಲಿ ಹೇಳಿ."

ಸೌಮಿತ್ರ ಬಾಯಿ ತೆರೆದ. ಎದುರಿಗೆ ಜವನಮ್ಮ ನಿಂತಿದ್ದಳು, ಅವನನ್ನೇ ನೋಡುತ್ತಾ. ಅವನ ಕಣ್ಣು ಅವಳ ಬರಿಗೈಗೆ ಹೋಗಿ, ಅಲ್ಲಿಂದ ಮೇಜಿಗೆ ಇಳಿಯಿತು. ಒಡೆದವು ಎನ್ನಲು ಹೊರಟವನಿಗೆ ಮಾತು ಹೊರಡಲಿಲ್ಲ. "ಅದೇ... ಅವರ ಬಳೆ ಹೆಚ್ಚಾದದ್ದನ್ನ," ಎಂದ ಬಹಳ ಮೆಲ್ಲಗೆ.

ಮೆಲ್ಲಗೆ ಎಂದರೂ ಕಪ್ಪು ಬಿಲ್ಲೆಗೆ ಕೇಳಿಸಿತು. ಗೋಡೆಯ ಮೇಲೆ ಬಿತ್ತು: "ಏಕಂ ಪ್ರತಿನಿಧಿ: ಬಳೆಗಳ ಹೆಚ್ಚಳವನ್ನು ಮುಂದಿನ ಆವೃತ್ತಿಯಲ್ಲಿ ಸೇರಿಸಲು ಒಪ್ಪಿಗೆ ಸೂಚಿಸಿದ್ದಾರೆ."

ಸೌಮಿತ್ರ ಅದನ್ನು ಓದಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

ಅಷ್ಟು ಹೊತ್ತು ತಲೆ ತಗ್ಗಿಸಿ ಕೂತಿದ್ದ ಚಿಕ್ಕತಾಯಮ್ಮ ತಟ್ಟನೆ ಎದ್ದಳು. ಅವಳ ಕಣ್ಣುಗಳು ಕೆಂಪಾಗಿದ್ದವು. "ಮೊದ್ಲು ಅದ್ನ ದೊಡ್ಡದು ಮಾಡಿ ನೀಲಮ್ಮ! ದೊಡ್ಡದು ಮಾಡಿ ಅತ್ಲಾಗಿ!" ಎಂದು ಕೂಗಿದಳು.

ಬೆಳಕಿಂಡಿ ತಕ್ಷಣ ಆಜ್ಞೆ ಪಾಲಿಸಿತು. ಗೋಡೆಯ ಮೇಲಿನ ಅಕ್ಷರಗಳು ಉಬ್ಬತೊಡಗಿದವು. ಒಂದೊಂದು ಅಕ್ಷರವೂ ಆಳುದ್ದವಾಗಿ, ಸೂರಿನಿಂದ ನೆಲದ ತನಕ "ಬಳೆಗಳ ಹೆಚ್ಚಳ" ಎಂಬುದೊಂದೇ ಉಳಿಯಿತು. ಅದರ ಬಿಳಿ ಬೆಳಕು ಜವನಮ್ಮನ ಹಣೆಯ ಮೇಲೆ, ಕೊರಳ ಮೇಲೆ ಬಿದ್ದಿತ್ತು.

ನೀಲಾಂಬಿಕೆ ಕುರ್ಚಿ ಹಿಂದಕ್ಕೆ ತಳ್ಳಿ, ಗೋಡೆಯ ಬುಡಕ್ಕೆ ಹೋಗಿ, ಪ್ಲಗ್ಗಿಗೆ ಕೈ ಹಾಕಿ ಕಿತ್ತಳು. ತಡೆಯಲು ಯಾರೂ ಏಳಲಿಲ್ಲ. ಗೋಡೆ ಮತ್ತೆ ಸುಣ್ಣ ಬಳಿದ ಬರೀ ಗೋಡೆಯಾಯಿತು.

ಡಾಕ್ಟರ್ ಮಲ್ಲಿಕಾರ್ಜುನಸ್ವಾಮಿ ಕಾಗದಕ್ಕಾಗಿ ಮೇಜಿನ ಮೇಲೆ ಹುಡುಕಿದರು. ಕಾಗದ ಇಟ್ಟುಕೊಳ್ಳುವ ರೂಢಿಯೇ ಆ ಕಚೇರಿಯಲ್ಲಿ ತಪ್ಪಿಹೋಗಿತ್ತು. ಕೊನೆಗೆ ತಮ್ಮ ಮುಂದಿದ್ದ ಅಮಾನತಿನ ಆದೇಶವನ್ನೇ ಮಗುಚಿ ಹಾಕಿ, ಅದರ ಬಿಳಿಯ ಬೆನ್ನನ್ನು ಅಂಗೈಯಿಂದ ಸವರಿ ನೆಟ್ಟಗೆ ಮಾಡಿದರು.

"ಕೂತ್ಕೋ ತಾಯಿ. ನಾನು ಕೈಯಲ್ಲಿ ಬರ್ಕೋತೀನಿ. ಮೊದಲಿಂದ ಹೇಳು."

ಜವನಮ್ಮ ಕೂತಳು. ಅರಿಶಿನದ ಹೊಲದಿಂದ ಶುರುಮಾಡಿ ಎಲ್ಲವನ್ನೂ ಇನ್ನೊಮ್ಮೆ ಹೇಳಿದಳು. ಕೊನೆಯ ಮಾತು ಬಂದಾಗ ಡಾಕ್ಟರ ಪೆನ್ನು ಒಂದು ಕ್ಷಣ ತಡೆಯಿತು. ಅದರ ಅರ್ಥವೇನೆಂದು ಅವರು ಕೇಳಲಿಲ್ಲ. ಅವಳು ಹೇಳಿದಂತೆಯೇ ಬರೆದು, ಕೆಳಗೆ ರುಜು ಹಾಕಿದರು.